ಇನ್ನೊಂದು ಹೊಳೆಯಿಲ್ಲದ ಊರು

ಈ ಹೊಳೆಯ ತಳದಲ್ಲಿ ಒಂದು ಊರಿದೆ, ಆ ಊರಿನ ಅಷ್ಟೂ ಜನರ ಅಂಜಿಕೆ ಬಿಡಿಸಿದ್ದು ಇದೇ ಕೈ ಎಂದು ಮುದುಕ ತನ್ನ ಬಲಗೈ ಎತ್ತಿ ತೋರಿಸಿದ. ಕೈ ಎಲ್ಲ ಮುದುಕರ ಕೈಯಂತೆಯೇ ಇತ್ತು, ನರ ಎದ್ದು, ಚರ್ಮ ಸಡಿಲಾಗಿ. ಆದರೂ ಆ ಮಾತನ್ನು ಸುಳ್ಳೆನ್ನಲು ಅಲ್ಲಿದ್ದವರ ಹತ್ತಿರ ಏನೂ ಇರಲಿಲ್ಲ. ಊರು ನೀರಿನಡಿ. ಊರಿನ ಜನ ನೀರಿನಡಿ. ಅವರ ಬಾಗಿಲು, ಬಾಗಿಲ ಮುಂದಿನ ರಂಗೋಲಿ, ರಂಗೋಲಿ ಹಾಕಿದ ಬೆರಳು, ಎಲ್ಲವೂ ನೀರಿನಡಿ. ಹೊಳೆಯನ್ನು ಕರೆದು ಸಾಕ್ಷಿ ಕೇಳುವ ಹಾಗಿಲ್ಲ. ಮುದುಕನ ಕಥೆಗಳಲ್ಲಿ ಬರುವವರೆಲ್ಲ ಹೀಗೆಯೇ, ಒಂದೋ ಸತ್ತಿರುತ್ತಿದ್ದರು, ಇಲ್ಲವೇ ಕರೆದರೆ ಕೇಳಿಸದಷ್ಟು ದೂರದಲ್ಲಿರುತ್ತಿದ್ದರು. ಅದರಲ್ಲಿ ಅವನು ಬಹಳ ಹುಷಾರಿ.

ಹೊಳೆದಂಡೆಯ ಮರದ ಬುಡಕ್ಕೆ ಬೆನ್ನು ಕೊಟ್ಟು ಅವನು ಕೂತಿದ್ದ. ಸೊಂಟದಲ್ಲಿ ಒಂದು ಸೋರೆಬುರುಡೆ, ಅದರ ಬಾಯಿಗೆ ಬಟ್ಟೆಯ ಬಿರಡೆ. ಎದುರಿಗೆ ಅಂಬಿಗನ ಹೆಂಡತಿ ಮಡಿಲಲ್ಲಿ ಒಂದು ಹಿತ್ತಾಳೆ ಲೋಟ ಇಟ್ಟುಕೊಂಡು ಕೂತಿದ್ದಳು. ಆಚೆ ದಡಕ್ಕೆ ಹೋಗಬೇಕಾಗಿದ್ದ ಬಳೆಗಾರನೊಬ್ಬ ಬೇರೆ ದಾರಿ ಕಾಣದೆ ತನ್ನ ಬಳೆಯ ಮಲಾರದ ಗಂಟಿಗೆ ಒರಗಿ ಕಾಲು ಚಾಚಿದ್ದ. ಹರಿಗೋಲು ಮರಳ ಮೇಲೆ ಬೋರಲು ಬಿದ್ದಿತ್ತು. ಹುಟ್ಟು ಅದಕ್ಕೆ ಒರಗಿತ್ತು. ಮರಕ್ಕೂ ಗುಡಿಸಲಿಗೂ ನಡುವೆ ಬರೀ ಬಿಸಿಲು ಬಿದ್ದ ಮರಳು. ಅಂಬಿಗ ಗುಡಿಸಲೊಳಗೆ, ಕತ್ತಲಲ್ಲಿ.

ಅಂಬಿಗನಿಗೆ ತನ್ನ ನೆರಳೆಂದರೆ ಭಯ. ಒಂದು ದಿನ ನಡುಹೊಳೆಯಲ್ಲಿ ಹರಿಗೋಲು ತಿರುಗಿದಾಗ ನೀರಿನ ಮೇಲಿದ್ದ ತನ್ನ ನೆರಳು ಮಾತ್ರ ತಿರುಗದೆ ಅಲ್ಲೇ ನಿಂತು ತನ್ನನ್ನು ನೋಡಿತು ಎಂದು ಹೇಳುತ್ತಾ ದಡ ಸೇರಿದವನು ಗುಡಿಸಲು ಹೊಕ್ಕ. ಆಮೇಲೆ ಹೊರಗೆ ಬಂದಿಲ್ಲ. ಕಿಂಡಿಗೆ ಗೋಣಿ ತುರುಕಿದ್ದಾನೆ. ದೀಪ ಹಚ್ಚಗೊಡುವುದಿಲ್ಲ. ಹೆಂಡತಿಯೊಂದಿಗೂ ಮಾತು ಬಿಟ್ಟಿದ್ದಾನೆ. ಮಳೆಗಾಲದ ಹೊಸ ನೀರು ಬರುವುದರೊಳಗೆ ಅವನು ಹುಟ್ಟು ಹಿಡಿಯದಿದ್ದರೆ ಬೇರೆ ಅಂಬಿಗನನ್ನು ತಂದು ಆ ಗುಡಿಸಲಲ್ಲೇ ಇಡುತ್ತೇವೆ ಎಂದು ಆಚೆ ದಡದ ಊರಿನವರು ಕೂಗಿ ಹೇಳಿ ಹೋಗಿದ್ದರು. ಆಕೆ ಎಲ್ಲರನ್ನೂ ಕೇಳಿಯಾಗಿತ್ತು. ಈಗ ಉಳಿದವನು ಈ ಮುದುಕ, ಅವನ ಸೊಂಟದ ಬುರುಡೆ.

ಬುರುಡೆಯೊಳಗೆ ಏನಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಮುದುಕ ಬೇರಿನ ನೀರೆಂದೇ ಹೇಳುತ್ತಿದ್ದ. ಅಷ್ಟು ಊರುಗಳಲ್ಲಿ ಅಷ್ಟು ಸಲ ಹೇಳಿ ಅದು ಹಾಗೇ ಆಗಿಬಿಟ್ಟಿತ್ತು. ಖಾಲಿಯಾದಾಗ ಮಾತ್ರ ಸಿಕ್ಕಿದ ಬಾವಿಯ ಹತ್ತಿರ ಸ್ವಲ್ಪ ನಿಲ್ಲುತ್ತಿದ್ದ. ಬೇರಿನ ಸತ್ವವೆಲ್ಲ ಬುರುಡೆಯ ಒಳಮೈಗೆ ಹಿಡಿದಿದೆ, ಬಾವಿಯ ನೀರು ಬರೀ ನೆಪ ಎಂಬುದು ಅವನ ಎಣಿಕೆ.

ಆಕೆ ಲೋಟ ಮುಂದೆ ಹಿಡಿದಳು. ಮುದುಕ ಬುರುಡೆಯ ಮೇಲೆ ಕೈಯಿಟ್ಟುಕೊಂಡ. ಎಲ್ಲಿಂದ ಬಂತೆಂದು ತಿಳಿಯದೆ ಕುಡಿದರೆ ಇದು ಹತ್ತುವುದಿಲ್ಲ, ಮೊದಲು ಕಥೆ, ಆಮೇಲೆ ನೀರು ಎಂದ. ಆಕೆ ಲೋಟವನ್ನು ಮತ್ತೆ ಮಡಿಲಿಗೆ ಇಳಿಸಿದಳು.

ನೀರಿನಡಿಯ ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಇದರಿಂದ ಇದಾಯಿತು ಎಂದು ಅಲ್ಲಿ ಯಾರೂ ಬಾಯಿಬಿಡುವ ಹಾಗಿಲ್ಲ. ಹೇಳಲೇಬೇಕೆಂದರೆ ಅದನ್ನು ಅರ್ಧ ಜನಕ್ಕೆ ಮಾಡಿ, ಅರ್ಧ ಜನಕ್ಕೆ ಮಾಡದೆ ಬಿಟ್ಟು, ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿರಬೇಕು. ಹಾಗೆ ನಿಲ್ಲಿಸಿ ನೋಡುವವರಿಗೆ ಒರೆಗಾರರು ಎಂದು ಹೆಸರು. ಅಕ್ಕಸಾಲಿಗ ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡುತ್ತಾನಲ್ಲ, ಹಾಗೆ ಇವರು ಮನುಷ್ಯನನ್ನು ಪಕ್ಕದ ಮನುಷ್ಯನಿಗೆ ಉಜ್ಜಿ ನೋಡುತ್ತಿದ್ದರು. ಬಿಳಿ ಪಂಚೆ, ಎಣ್ಣೆ ಹಚ್ಚಿದ ತಲೆ, ಮಾತಿಗೆ ಮೊದಲು ಒಂದು ಕೆಮ್ಮು. ಮುದುಕ ಆ ಕೆಮ್ಮನ್ನು ಕೆಮ್ಮಿ ತೋರಿಸಿ ಪಕ್ಕಕ್ಕೆ ಉಗಿದ.

ಒಬ್ಬ ತಾಯಿ ಜೋಗುಳ ಹಾಡಿದಳು, ಮಗು ಮಲಗಿತು. ಹಾಡಿದ್ದರಿಂದ ಮಲಗಿತು ಎಂದು ನೆರೆಮನೆಯವಳಿಗೆ ಅಂದಳೋ ಇಲ್ಲವೋ, ಒರೆಗಾರರು ಬಾಗಿಲಲ್ಲಿ. ಅಂದಿನಿಂದ ಊರಿನ ಅರ್ಧ ತಾಯಂದಿರು ಹಾಡಬೇಕು. ಇನ್ನರ್ಧ ತಾಯಂದಿರು ಹಾಗೇ ತೊಟ್ಟಿಲು ತೂಗುತ್ತಾ, ಹಾಗೇ ಬಾಯಿ ಆಡಿಸುತ್ತಾ ಕೂರಬೇಕು, ಸದ್ದು ಮಾತ್ರ ಬರಕೂಡದು. ಸದ್ದಿಲ್ಲದೆ ಆಡುವ ಬಾಯಿಯನ್ನು ನೋಡುತ್ತಾ ನೋಡುತ್ತಾ ಎಷ್ಟೋ ಮಕ್ಕಳು ದೊಡ್ಡವಾದವು. ಆ ಮಕ್ಕಳು ಕೊನೆಯವರೆಗೂ ಯಾರು ಮಾತಾಡಿದರೂ ಕಿವಿ ಕೊಡುತ್ತಿರಲಿಲ್ಲ, ತುಟಿಯನ್ನೇ ನೋಡುತ್ತಿದ್ದವು.

ಇನ್ನೊಮ್ಮೆ ಊರಿಗೆ ಬೆಂಕಿ ಬಿತ್ತು. ನೀರಿನಿಂದ ಬೆಂಕಿ ಆರುತ್ತದೆ ಎಂದು ಯಾರೋ ಬಿಂದಿಗೆ ಹಿಡಿದು ಓಡಿದರು. ಒರೆಗಾರರು ಅಡ್ಡ ನಿಂತು ಕೆಮ್ಮಿದರು. ಅರ್ಧ ಮನೆಗಳಿಗೆ ತುಂಬಿದ ಬಿಂದಿಗೆ. ಅರ್ಧ ಮನೆಗಳಿಗೆ ಖಾಲಿ ಬಿಂದಿಗೆ. ಖಾಲಿ ಬಿಂದಿಗೆಯವರೂ ಭಾರ ಹೊತ್ತವರಂತೆ ಸೊಂಟ ಬಗ್ಗಿಸಿ ಓಡಬೇಕು, ಏದುಸಿರು ಬಿಡಬೇಕು, ಚೆನ್ನಾಗಿ ಬಾಗಿ ಬರೀ ಗಾಳಿಯನ್ನು ಸುರಿಯಬೇಕು.

"ಸುಟ್ಟ ಮನೆಯವರು ಸುಮ್ಮನಿದ್ದರಾ ತಾತ?" ಎಂದ ಬಳೆಗಾರ.

"ಸುಮ್ಮನೆ ಯಾಕಿರುತ್ತಾರೆ? ಬೂದಿ ಮೇಲೆ ಚಾಪೆ ಹಾಸಿಕೊಂಡು ಮೀಸೆ ತಿರುವುತ್ತಿದ್ದರು. ನಮ್ಮನೆ ಉರಿದು ಹೋಗಿದ್ದಕ್ಕೇ ನಿಮ್ಮನೆ ನೀರಿನಿಂದ ಉಳೀತು ಅಂತ ಗೊತ್ತಾಯ್ತು, ಇಲ್ಲದಿದ್ರೆ ಗೊತ್ತಾಗ್ತಿತ್ತಾ ಅಂತ ಉಳಿದವರನ್ನೇ ಹಂಗಿಸೋರು."

ಬಳೆಗಾರ ನಕ್ಕ. ಅಂಬಿಗನ ಹೆಂಡತಿ ನಗಲಿಲ್ಲ. ಆಕೆ ಗುಡಿಸಲ ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲಲ್ಲಿ ಕತ್ತಲು ಮಾತ್ರ ಇತ್ತು.

ಮೊದಮೊದಲು ಒರೆಗಾರರಿಗೆ ಊರನ್ನು ಸೀಳುವುದೂ ಬರುತ್ತಿರಲಿಲ್ಲ ಎಂದು ಮುದುಕ ಮುಂದುವರಿಸಿದ. ಮೇಲಿನ ಬೀದಿಗೆ ಕಷಾಯ, ಕೆಳಗಿನ ಬೀದಿಗೆ ಇಲ್ಲ ಎಂದು ಮಾಡಿದರು. ಮೇಲಿನ ಬೀದಿಯವರು ನಗುನಗುತ್ತಾ ಓಡಾಡಿದರು. ಕಷಾಯ ಗೆದ್ದಿತೆಂದು ಡೋಲು ಹೊಡೆದರು. ಆಮೇಲೆ ಯಾರೋ ನೋಡಿದರೆ ಮೇಲಿನ ಬೀದಿಗೆ ಹೊಳೆಯ ಗಾಳಿ ಬೀಸುತ್ತಿತ್ತು, ಕೆಳಗಿನ ಬೀದಿಗೆ ಚರ್ಮ ಹದಮಾಡುವ ತೊಟ್ಟಿಗಳ ನಾತ ಬೀಸುತ್ತಿತ್ತು. ಡೋಲನ್ನು ನೆಲಕ್ಕಿಟ್ಟರು. ಅಂದಿನಿಂದ ಬೀದಿ ನೋಡುವ ಹಾಗಿಲ್ಲ, ಮನೆ ನೋಡುವ ಹಾಗಿಲ್ಲ, ಮುಖ ನೋಡುವ ಹಾಗಿಲ್ಲ. ಒಂದು ಮಡಕೆ, ಅದರೊಳಗೆ ಕಪ್ಪು ಕಲ್ಲು, ಬಿಳಿ ಕಲ್ಲು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಎತ್ತುವವನು ಒಬ್ಬೊಬ್ಬರ ಹೆಸರಿಗೂ ಒಂದೊಂದು ಕಲ್ಲು ಎತ್ತುತ್ತಾನೆ. ಗಂಡನಿಗೆ ಕಪ್ಪು, ಹೆಂಡತಿಗೆ ಬಿಳಿ. ಅಣ್ಣನಿಗೆ ಬಿಳಿ, ತಮ್ಮನಿಗೆ ಕಪ್ಪು. ಒಂದೇ ತಟ್ಟೆಯಲ್ಲಿ ಉಂಡವರು ಕಲ್ಲು ಬಂದ ಮೇಲೆ ಬೇರೆ ಬೇರೆ ಸಾಲಿನಲ್ಲಿ ನಿಂತರು.

ಹೀಗಿದ್ದ ಊರಿಗೆ ನೆರಳಿನ ಭಯ ಬಂತು.

ಹೇಗೆ ಬಂತೆಂದು ಯಾರಿಗೂ ಗೊತ್ತಿಲ್ಲ. ಮೊದಲು ಒಬ್ಬ ಬೀದಿಯಲ್ಲಿ ನಡೆಯುತ್ತಿದ್ದವನು ನಿಂತು ಹಿಂದಕ್ಕೆ ನೋಡಿದ. ಆಮೇಲೆ ಒಬ್ಬಳು ಬಾವಿಕಟ್ಟೆಯಲ್ಲಿ ಹಗ್ಗ ಬಿಟ್ಟು ಮನೆಗೆ ಓಡಿದಳು. ಆಮೇಲೆ ಊರಿಗೆ ಊರೇ ಕಿಂಡಿ ಮುಚ್ಚಿತು. ನೆರಳು ಕಾಲಡಿಗೆ ಸೇರುವ ನಡುಮಧ್ಯಾಹ್ನ ಮಾತ್ರ ಎಲ್ಲರೂ ಹೊರಗೆ ಬಂದು, ಗಡಿಬಿಡಿಯಲ್ಲಿ ನೀರು ಸೇದಿ, ಸೌದೆ ಎತ್ತಿಕೊಂಡು, ನೆರಳು ಕಾಲಡಿಯಿಂದ ಒಂದು ಬೆರಳಷ್ಟು ಇಣುಕುತ್ತಿದ್ದ ಹಾಗೆ ಒಳಗೆ ಓಡುವುದು. ಹಾಲು ಕರೆಯುವವರಿಲ್ಲದೆ ಹಸುಗಳು ಕೆಚ್ಚಲು ಬಾತು ಕೂಗಿದವು. ಸತ್ತವರನ್ನು ಹೊರಲು ನಡುಮಧ್ಯಾಹ್ನಕ್ಕೆ ಕಾಯುತ್ತಿದ್ದರು.

ಅಂಬಿಗನ ಹೆಂಡತಿಯ ಕೈ ಲೋಟದ ಅಂಚನ್ನು ಸುತ್ತು ಹಾಕುವುದನ್ನು ನಿಲ್ಲಿಸಿತು. ಮುದುಕ ಅದನ್ನು ಗಮನಿಸಿದ. ಕೇಳುವವರ ಕೈ ನಿಂತಿತೆಂದರೆ ಕಥೆ ಹಿಡಿಯಿತೆಂದು ಅರ್ಥ. ಅವನು ಬೆನ್ನು ನೆಟ್ಟಗೆ ಮಾಡಿಕೊಂಡ.

ಕಾಡಿನಲ್ಲಿ ಒಂದು ಬೇರು ಸಿಕ್ಕಿತು. ಅದನ್ನು ತೇದು ಕುಡಿದ ಕುರಿ ಕಾಯುವವನೊಬ್ಬ ಇಳಿಬಿಸಿಲಲ್ಲಿ ನೆರಳು ಬಿಟ್ಟುಕೊಂಡು ಊರೊಳಗೆ ನಡೆದು ಬಂದ. ಜನ ಬೇರು ಬೇರು ಎಂದು ಕೂಗಿದರು. ಒರೆಗಾರರು ಕೆಮ್ಮಿದರು. ಎರಡು ಗುಡಾಣ ತರಿಸಿದರು, ಒಂದೇ ಮಣ್ಣಿನವು, ಒಂದೇ ಎತ್ತರ, ಒಂದರೊಳಗೆ ಒಬ್ಬ ಮನುಷ್ಯ ಕೂರಬಹುದು, ಅಷ್ಟು ದೊಡ್ಡವು. ಒಂದಕ್ಕೆ ಬೇರಿನ ನೀರು. ಇನ್ನೊಂದಕ್ಕೆ ಬರೀ ನೀರು, ಬಣ್ಣ ಒಂದೇ ಇರಲೆಂದು ಸ್ವಲ್ಪ ಕೆಮ್ಮಣ್ಣು, ಕಹಿ ಒಂದೇ ಇರಲೆಂದು ಸ್ವಲ್ಪ ಹಾಗಲ ಸೊಪ್ಪು. ಯಾವುದರಲ್ಲಿ ಬೇರಿದೆ ಎಂದು ಗೊತ್ತಿದ್ದದ್ದು ಅದನ್ನು ತೇದ ಒಬ್ಬ ಮುದುಕಿಗೆ ಮಾತ್ರ. ಗುಡಾಣಗಳನ್ನು ತುಂಬಿಸಿದ ಕೂಡಲೇ ಅವಳ ಬಾಯಿಗೆ ಒಂದು ವೀಳ್ಯದೆಲೆ ಇಟ್ಟು, ಉಗುಳಬೇಡ ನುಂಗಬೇಡ ಎಂದು ಹೇಳಿ, ಊರಾಚೆಯ ಬಂಡೆಯ ಮೇಲೆ ಕೂರಿಸಿದರು. ಎಲ್ಲ ಮುಗಿದ ದಿನ ಅವಳು ಎಲೆ ಉಗಿದು ಬಾಯಿ ಬಿಡಬೇಕು. ಅಲ್ಲಿಯವರೆಗೆ ಅವಳು ಮನುಷ್ಯಳಲ್ಲ, ಮುಚ್ಚಿದ ಡಬ್ಬಿ.

ಕಪ್ಪು ಕಲ್ಲಿನವರು ಈ ಗುಡಾಣಕ್ಕೆ. ಬಿಳಿ ಕಲ್ಲಿನವರು ಆ ಗುಡಾಣಕ್ಕೆ. ಎತ್ತಿದವನಿಗೆ ಗೊತ್ತಿಲ್ಲ, ಹೊಯ್ದವನಿಗೆ ಗೊತ್ತಿಲ್ಲ, ಕುಡಿದವನಿಗೆ ಗೊತ್ತಿಲ್ಲ.

ಈ ಮಾತನ್ನು ಮುದುಕ ತೊಡೆ ತಟ್ಟಿಕೊಂಡು ಹಾಡಿನಂತೆ ಹೇಳಿದ. ಊರಿನವರು ದಿನವೂ ನಡುಮಧ್ಯಾಹ್ನ ಸಾಲು ನಿಂತು ಹೀಗೆಯೇ ಹೇಳುತ್ತಿದ್ದರಂತೆ. ಎತ್ತಿದವನಿಗೆ ಗೊತ್ತಿಲ್ಲ, ಹೊಯ್ದವನಿಗೆ ಗೊತ್ತಿಲ್ಲ, ಕುಡಿದವನಿಗೆ ಗೊತ್ತಿಲ್ಲ. ಹೇಳಿ ಬೊಗಸೆ ಚಾಚುವುದು, ಕುಡಿಯುವುದು, ಒಳಗೆ ಓಡುವುದು.

ಹೊಯ್ಯುವವನು ಯಾರೆಂದು ಬೇರೆ ಹೇಳಬೇಕೇ. ಊರಿನಲ್ಲಿ ಅಷ್ಟು ಜನ ಇದ್ದರೂ ಒರೆಗಾರರು ಬಂದು ಕೈಮುಗಿದದ್ದು ತನಗೇ ಎಂದ ಮುದುಕ. ಆಗ ತನ್ನ ಕೈ ಎಂಥದೆಂದರೆ ಮರದ ತುದಿಯಲ್ಲಿ ಕೂತು ಹೊಯ್ದರೂ ಕೆಳಗೆ ಹೋಗುವ ಇರುವೆಯ ಬಾಯಿಗೆ ಬೀಳುತ್ತಿತ್ತು, ಇರುವೆ ಒದ್ದೆಯಾಗುತ್ತಿರಲಿಲ್ಲ. ಬಳೆಗಾರ ಆ ಇರುವೆ ಈಗ ಎಲ್ಲಿದೆ ಎಂದು ಕೇಳಿದ. ಅದೂ ನೀರಿನಡಿ ಎಂದು ಮುದುಕ ಗಂಭೀರವಾಗಿ ಹೇಳಿದ.

ಹೊಯ್ದ ಮೇಲೆ ಕೇಳುವವನ ಕೆಲಸ. ಭಯ ಎಷ್ಟಿದೆ ಎಂದು ಕೇಳುವುದಷ್ಟೇ ಅವನ ಕೆಲಸ. ಜನ ಅವನ ಮುಖ ನೋಡಿ ಉತ್ತರ ಹೇಳುತ್ತಿದ್ದರು. ಅವನು ಹುಬ್ಬು ಎತ್ತಿದರೆ ಭಯ ಕಡಿಮೆ ಮಾಡಿಕೊಳ್ಳುತ್ತಿದ್ದರು, ನಿಟ್ಟುಸಿರು ಬಿಟ್ಟರೆ ಹೆಚ್ಚು ಮಾಡಿಕೊಳ್ಳುತ್ತಿದ್ದರು. ಮನುಷ್ಯರ ಜಾತಿಯೇ ಅಷ್ಟು, ಎದುರಿಗೆ ಕೂತವನಿಗೆ ಬೇಕಾದದ್ದನ್ನು ಕೊಟ್ಟು ಕಳಿಸುವುದು. ಅದಕ್ಕೆ ಒರೆಗಾರರು ಕೇಳುವವನ ತಲೆಗೆ ಒಂದು ಬಿದಿರು ಬುಟ್ಟಿ ಕವುಚಿದರು. ಬುಟ್ಟಿ ಹೊತ್ತವನು ಮನೆಮನೆಗೆ ಎಡವುತ್ತಾ ಹೋಗಿ ಒಂದು ಪುಟ್ಟ ಬಟ್ಟಲು ಮುಂದೆ ಹಿಡಿಯುತ್ತಿದ್ದ. ಭಯ ಎಷ್ಟಿದೆಯೋ ಅಷ್ಟು ಕಲ್ಲನ್ನು ಅದರಲ್ಲಿ ಹಾಕಬೇಕು. ಭಯವಿಲ್ಲದಿದ್ದರೆ ಖಾಲಿ ಬಟ್ಟಲು, ಬಹಳ ಭಯವಿದ್ದರೆ ತುಂಬಿದ ಬಟ್ಟಲು.

ಒಬ್ಬ ಹೆಂಗಸು ಮಡಿಲ ತುಂಬ ಕಲ್ಲು ಆರಿಸಿ ತಂದಿದ್ದಳು. ಗಂಡ ಒಳಗೆ ಕೂತು ಗೋಡೆಗೆ ಮುಖ ಮಾಡಿದ್ದ, ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಅವಳು ಸುರಿದಳು. ಬಟ್ಟಲು ತುಂಬಿತು. ಅವಳು ಸುರಿಯುತ್ತಲೇ ಇದ್ದಳು, ಕಲ್ಲು ನೆಲಕ್ಕೆ ಬಿದ್ದು ಉರುಳಿದವು. ಉಳಿದದ್ದನ್ನು ಎಲ್ಲಿಡಲಿ ಎಂದು ಕೇಳಿದಳು. ಬುಟ್ಟಿಯೊಳಗಿಂದ ಉತ್ತರ ಬಂತು.

"ಬಟ್ಟಲಾಚೆ ಬಿದ್ದದ್ದು ಭಯವಲ್ಲ ತಾಯಿ."

ಮುದುಕ ಬೇರೆ ಊರುಗಳಲ್ಲಿ ಹೇಳುವಾಗ ಕಥೆಯಲ್ಲಿ ಹೀಗೊಬ್ಬ ಹೆಂಗಸು ಇರುತ್ತಿರಲಿಲ್ಲ. ಎಲ್ಲಿಂದ ಬಂದಳೋ. ಅಂಬಿಗನ ಹೆಂಡತಿ ತಲೆ ತಗ್ಗಿಸಿ ತನ್ನ ಲೋಟದ ಒಳಗೆ ನೋಡುತ್ತಿದ್ದಳು.

ಭಯ ತಡೆಯದೆ ಕೆಲವರು ಹೊಳೆಗೆ ಬಿದ್ದರು, ಕೆಲವರು ಊರು ಬಿಟ್ಟರು. ಅವರ ಕಲ್ಲುಗಳನ್ನು ಬಟ್ಟಲಿನಿಂದ ಆರಿಸಿ ಆಚೆ ಎಸೆದರು. ಕೊನೆಯವರೆಗೂ ಉಳಿದವರದ್ದು ಮಾತ್ರ ಉತ್ತರ. ಉಳಿದವರ ಕಲ್ಲು ದಿನದಿನಕ್ಕೆ ಕಡಿಮೆಯಾಗುತ್ತಿದೆ ಎಂದು ಒರೆಗಾರರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಮುದುಕಿ ಬಂಡೆಯ ಮೇಲೆ ಎಲೆ ಕಚ್ಚಿಕೊಂಡು ಕೂತೇ ಇದ್ದಳು.

ಆಗ ಹೊಳೆ ಉಕ್ಕಿತು.

ಊರಿಗೆ ಒಂದು ಕಟ್ಟೆ, ಕಟ್ಟೆಗೆ ಒಂದು ತೂಬು. ತೂಬು ಎತ್ತಿದರೆ ನೀರು ಪಕ್ಕದ ಹಳ್ಳಕ್ಕೆ ಹರಿದು ಊರು ಉಳಿಯುತ್ತದೆ ಎಂದು ಅದೇ ಕುರಿ ಕಾಯುವವನು ಹೇಳಿದ. ಒರೆಗಾರರು ಕೆಮ್ಮಿದರು. ತೂಬು ಎತ್ತಿದೆವು, ಊರು ಉಳಿಯಿತು ಎಂದೇ ಇಟ್ಟುಕೊಳ್ಳೋಣ. ತೂಬಿನಿಂದಲೇ ಉಳಿಯಿತು ಎಂದು ಹೇಳುವುದು ಹೇಗೆ? ನೀರು ತಾನಾಗೇ ಇಳಿದಿರಬಹುದಲ್ಲ. ಇದಕ್ಕೆ ಇನ್ನೊಂದು ಹೊಳೆ ಬೇಕು. ಇದೇ ಅಗಲ, ಇದೇ ಆಳ, ಇದೇ ಮೋಡದ ಮಳೆ ಕುಡಿದ ಹೊಳೆ. ಅದರ ದಡದಲ್ಲಿ ಇಂಥದೇ ಒಂದು ಊರು. ಆ ಊರಿನ ತೂಬು ಮುಚ್ಚಿಯೇ ಇರಬೇಕು. ಆಗ ಈ ತೂಬು ಎತ್ತಬಹುದು.

ಜನರನ್ನು ನಾಲ್ಕು ದಿಕ್ಕಿಗೆ ಇನ್ನೊಂದು ಹೊಳೆ ಹುಡುಕಲು ಅಟ್ಟಿದರು. ಒಬ್ಬ ಜಾಣ ಒರೆಗಾರ ಇರುವ ಹೊಳೆಯನ್ನೇ ಉದ್ದಕ್ಕೆ ಸೀಳಿ ಅರ್ಧಕ್ಕೆ ಕಪ್ಪು ಕಲ್ಲು ಎತ್ತೋಣ ಎಂದ. ನೀರಿನ ಮೇಲೆ ಸುಣ್ಣದ ಗೆರೆ ಎಳೆಯಲು ಹೋದವರು ಸುಣ್ಣದ ಬುಟ್ಟಿಯ ಸಮೇತ ತೇಲಿಹೋದರು. ಹುಡುಕಲು ಹೋದವರು ವಾಪಸು ಬರುವಾಗ ನೀರು ಮೊಣಕಾಲಿಗೆ ಬಂದಿತ್ತು. ಹೊಳೆಗಳು ಬೇಕಾದಷ್ಟಿವೆ, ಇಂಥದು ಮಾತ್ರ ಇಲ್ಲ ಎಂದರು. ಇನ್ನೊಂದು ಸಲ ಹುಡುಕಿ ಎಂದರು ಒರೆಗಾರರು. ಸೊಂಟಕ್ಕೆ ಬಂದಾಗಲೂ ಅದೇ ಮಾತು.

"ತೂಬು ಎತ್ತೋಕೆ ಒಬ್ಬನಿಗೂ ಕೈ ಇರಲಿಲ್ಲವಾ?" ಎಂದ ಬಳೆಗಾರ. ಈ ಸಲ ಅವನು ನಗುತ್ತಿರಲಿಲ್ಲ.

"ಎಲ್ಲರಿಗೂ ಎರಡೆರಡು ಕೈ ಇತ್ತು. ಅಪ್ಪಣೆ ಇರಲಿಲ್ಲ."

"ನೀನು?"

"ನಾನು ಹೊಯ್ಯುವವನು. ತೂಬು ನನ್ನ ಪಾಲಿಗೆ ಬಂದಿರಲಿಲ್ಲ."

ಹೇಳಿ ಮುದುಕ ಬೇಗ ಬೇಗ ಮುಂದೆ ಹೋದ. ಆ ಕೊನೆಯ ಹೊತ್ತಿನಲ್ಲಿ ಊರಿನ ಅಷ್ಟೂ ಜನ ಮನೆಗಳಿಂದ ಹೊರಗೆ ಬಂದು ಕಟ್ಟೆಯ ಮೇಲೆ ನಿಂತರು. ಇಳಿಬಿಸಿಲು. ಒಬ್ಬೊಬ್ಬರ ನೆರಳೂ ಮಾರುದ್ದ ಬಿದ್ದಿತ್ತು, ಒಬ್ಬರ ನೆರಳು ಇನ್ನೊಬ್ಬರ ಮೇಲೆ, ಅವರದು ನೀರಿನ ಮೇಲೆ. ಒಬ್ಬರೂ ಹೆದರಲಿಲ್ಲ. ಇದು ಯಾರ ಕೈಗುಣ? ಮುದುಕ ತನ್ನ ಬಲಗೈಯನ್ನು ಮತ್ತೆ ಎತ್ತಿದ.

ಕುತ್ತಿಗೆಗೆ ನೀರು ಬಂದಾಗ ನೆರಳು ಯಾರು ನೋಡುತ್ತಾರೆ ಎಂದ ಬಳೆಗಾರ. ಹಾಗನ್ನಬೇಕಾದರೆ ನೀರು ಬಾರದ ಇನ್ನೊಂದು ಊರು ತಂದು ತೋರಿಸು ಎಂದ ಮುದುಕ. ಒರೆಗಾರರನ್ನು ಉಗಿಯುತ್ತಲೇ ಅವರ ಕೋಲನ್ನೇ ಎತ್ತಿಕೊಂಡದ್ದು ಅವನಿಗೆ ಹೊಳೆಯಲಿಲ್ಲ, ಹೊಡೆತ ಚೆನ್ನಾಗಿ ಬಿತ್ತೆಂದು ಖುಷಿಯಾಯಿತು. ಬಳೆಗಾರ ಬಿಡಲಿಲ್ಲ. ಬರೀ ನೀರು ಕುಡಿದ ಅರ್ಧ ಜನ ಹೊರಗೆ ಬಂದದ್ದು ಹೇಗೆಂದು ಕೇಳಿದ. ಬೇರು ಅಷ್ಟು ಜೋರಿನದು, ಪಕ್ಕದ ಗುಡಾಣಕ್ಕೂ ತಾಗಿತ್ತು ಎಂದ ಮುದುಕ, ಕಣ್ಣು ಮಿಟುಕಿಸದೆ.

ಆಮೇಲೆ ತಾನು ಉಳಿದ ಬಗೆ. ಬೇರಿದ್ದ ಗುಡಾಣದಿಂದ ಈ ಬುರುಡೆಯನ್ನು ತುಂಬಿಕೊಂಡೆ. ಬರೀ ನೀರಿನ ಗುಡಾಣವನ್ನು ಬಗ್ಗಿಸಿ ಖಾಲಿ ಮಾಡಿ ಅದರೊಳಗೆ ಕೂತೆ. ಹೊಳೆ ಎತ್ತಿಕೊಂಡಿತು. ಊರಿನ ಸೂರುಗಳು ಮುಳುಗುವುದನ್ನು ನೋಡುತ್ತಾ, ಬಂಡೆಯ ಮೇಲಿನ ಮುದುಕಿ ಎಲೆ ಕಚ್ಚಿಕೊಂಡೇ ನೀರಿನೊಳಗೆ ಇಳಿದು ಹೋಗುವುದನ್ನು ನೋಡುತ್ತಾ, ಬಿಟ್ಟ ಬಾಣದಂತೆ ನೆಟ್ಟಗೆ ಬಂದು ಈ ದಡಕ್ಕೆ ತಾಗಿದೆ.

"ಗುಡಾಣ ನೆಟ್ಟಗೆ ಬರಲ್ಲ."

ಮಾತು ಗುಡಿಸಲೊಳಗಿಂದ ಬಂತು. ಒರಟಾಗಿ, ಬಹಳ ದಿನ ಬಳಸದ ಗಂಟಲಿನಿಂದ.

ಅಂಬಿಗನ ಹೆಂಡತಿಯ ಮಡಿಲಿಂದ ಲೋಟ ಜಾರಿತು. ಆಕೆ ಅದನ್ನು ಎತ್ತಿಕೊಳ್ಳಲಿಲ್ಲ, ಬಾಗಿಲ ಕಡೆ ತಿರುಗಲೂ ಇಲ್ಲ. ಮುದುಕ ಮಾತ್ರ ತಿರುಗಿದ. ಎದುರುತ್ತರ ಕೊಡುವವನು ಸಿಕ್ಕರೆ ಅವನಿಗೆ ಊಟ ಸಿಕ್ಕಷ್ಟೇ ಹಿತ.

ಯಾಕೆ ಬರುವುದಿಲ್ಲ ಎಂದ. ದುಂಡಗಿನದು ಯಾವುದೂ ನೆಟ್ಟಗೆ ಬರುವುದಿಲ್ಲ, ತಿರುಗುತ್ತದೆ ಎಂದಿತು ಕತ್ತಲು. ಅದು ಹುಟ್ಟು ಹಾಕಲು ಬಾರದವರ ಮಾತು, ತಾನು ಕೈಯನ್ನೇ ಹುಟ್ಟು ಮಾಡಿದ್ದೆ, ಎಡಗೈಯಲ್ಲಿ ಬುರುಡೆ, ಬಲಗೈಯಲ್ಲಿ ಹೊಳೆ ಎಂದ ಮುದುಕ. ಒಂದೇ ಕಡೆ ಕೈ ಹಾಕಿದರೆ ಇನ್ನೂ ಜೋರಾಗಿ ತಿರುಗುತ್ತದೆ, ಅಷ್ಟೂ ತಿಳಿಯದವನು ಹೊಳೆಯ ಮಾತು ಆಡಬಾರದು ಎಂದಿತು ಕತ್ತಲು. ಅದು ಈಗ ಬಾಗಿಲಿಗೆ ಹತ್ತಿರ ಬಂದಿತ್ತು.

ತಿರುಗಿತು, ಯಾರು ಇಲ್ಲ ಅಂದರು ಎಂದ ಮುದುಕ. ಎಷ್ಟು ಜೋರಾಗಿ ತಿರುಗಿತೆಂದರೆ ತನ್ನ ಬೆನ್ನು ತನಗೇ ಕಾಣಿಸಿತು, ಅದರ ಮೇಲೊಂದು ಮಚ್ಚೆಯಿತ್ತು, ಅಂದೇ ಗೊತ್ತಾದದ್ದು. ನಡುಹೊಳೆಯ ಸುಳಿ ಬಾಯಿ ತೆರೆದಾಗ ಒಂದು ಕಾಲು ಹೊರಗಿಟ್ಟು ಅದನ್ನು ತುಳಿದು ಮುಚ್ಚಿದೆ. ಅಷ್ಟಾದರೂ ಬುರುಡೆಯಿಂದ ಒಂದು ಹನಿ ಚೆಲ್ಲಲಿಲ್ಲ. ಅದೇ ನೀರು ಇದು. ಮುದುಕ ಬಿರಡೆ ಕಿತ್ತು, ಬುರುಡೆಯನ್ನು ಅಲುಗಿಸಿ ಸದ್ದು ಕೇಳಿಸಿದ. ಲೋಟ ತಾ ಎಂದ ಅಂಬಿಗನ ಹೆಂಡತಿಗೆ.

ಹೊತ್ತು ಇಳಿದಿತ್ತು. ಮರದ ನೆರಳು ಯಾವಾಗಲೋ ಮುದುಕನನ್ನು ಬಿಟ್ಟು ಹಿಂದಕ್ಕೆ ಸರಿದು, ಅವನು ಬಿಸಿಲಲ್ಲೇ ಕೂತಿದ್ದ. ಹೊಯ್ಯಲು ಬುರುಡೆ ಬಗ್ಗಿಸುವಾಗ ಅವನ ತೊಡೆಯ ಮೇಲಿನ ಬಿಸಿಲು ಆರಿತು. ತೊಡೆ, ಬುರುಡೆ, ಕೈ, ಎಲ್ಲ ಕಪ್ಪಾದವು. ಮೋಡ ಬಂತೆಂದು ತಲೆಯೆತ್ತಿದ.

ಅಂಬಿಗ ಮರಳ ನಡುವೆ ನಿಂತಿದ್ದ. ಬೆಳೆದ ಗಡ್ಡ, ಬಿಳಿಚಿದ ಮೈ, ಬಿಸಿಲಿಗೆ ಕಿರಿದಾದ ಕಣ್ಣು. ಸೂರ್ಯ ಅವನ ಬೆನ್ನಿಗಿದ್ದ.

"ಹೊಯ್ಯಬೇಡ, ನಿಲ್ಲಿಸು. ಎತ್ತಿದವನಿಗೆ ಗೊತ್ತಿಲ್ಲ, ಹೊಯ್ದವನಿಗೆ ಗೊತ್ತಿಲ್ಲ, ಕುಡಿದವನಿಗೆ ಗೊತ್ತಿಲ್ಲ ಅಂತ ತೊಡೆ ತಟ್ಟಿಕೊಂಡು ಹಾಡಿದೋನು ನೀನೇ. ಗೊತ್ತಿದ್ದ ಮುದುಕಿ ಎಲೆ ಕಚ್ಚಿಕೊಂಡೇ ಮುಳುಗಿದಳು. ಯಾವ ಗುಡಾಣ ಚೆಲ್ಲಬೇಕು, ಯಾವುದರಿಂದ ಬುರುಡೆ ತುಂಬಿಕೊಳ್ಳಬೇಕು ಅಂತ ನಿನಗೆ ಹೆಂಗೆ ಗೊತ್ತಾಯ್ತು ತಾತ?"

ಬಳೆಗಾರ ಅಂಬಿಗನ ಕಾಲ ಕಡೆ ನೋಡಿ, ಮರಳ ಮೇಲೆ ಉದ್ದಕ್ಕೆ ಚಾಚಿದ್ದನ್ನು ನೋಡಿ, ಏನೋ ಹೇಳಲು ಬಾಯಿ ತೆರೆದ. ಅಂಬಿಗನ ಹೆಂಡತಿ ಬಳೆಗಾರನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಕೆ ನೆಲ ನೋಡಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ಕದಲಿಸಿದರೆ ಏನಾದರೂ ಒಡೆದೀತು ಎನ್ನುವ ಹಾಗೆ.

ಮುದುಕ ಬುರುಡೆಯನ್ನು ನೋಡಿದ, ಬಿರಡೆಯನ್ನು ನೋಡಿದ. ಯಾವ ಊರಿನಲ್ಲೂ ಯಾರೂ ಇದನ್ನು ಕೇಳಿರಲಿಲ್ಲ. ಬಿರಡೆಯನ್ನು ಮತ್ತೆ ಒತ್ತಿ, ಎರಡೂ ಭುಜ ಎತ್ತಿ ಇಳಿಸಿದ.

ಅವನ ಹಿಂದೆ ಮರದ ಬೊಡ್ಡೆಯ ಮೇಲೆ ಒಂದು ನೆರಳು ಭುಜ ಎತ್ತಿ ಇಳಿಸಿತು. ಅದರ ಪಕ್ಕದ ನೆರಳು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಉತ್ತರಕ್ಕೆ ಕಾಯುತ್ತಾ ಅಲ್ಲೇ ನಿಂತಿತ್ತು.